ಶಾಲೆ ನ್ಯೂಸ್‌ಲೆಟರ್‌ನಲ್ಲಿ ಯುದ್ಧಕ್ಕೆ ಹೋಗಿದ್ದವರಿಗೆ ಒಂದು ಪುಟ: ಚಿಕ್ಕ ಮಕ್ಕಳ ಜೊತೆ ಮಾಡೋದು ಹೇಗೆ

ಮೊದಲು ನಮ್ಮ ತಪ್ಪನ್ನೇ ಹೇಳ್ಬಿಡ್ತೀನಿ. ಪ್ರೈಮರಿ ಸ್ಕೂಲ್ ಒಂದರ ನಾಲ್ಕು ಪುಟದ ನ್ಯೂಸ್‌ಲೆಟರ್ ಕೆಲಸ ನಾನು ಸುಮಾರು ವರ್ಷದಿಂದ ನೋಡ್ಕೊಳ್ತಾ ಇದೀನಿ, ಸ್ಪೋರ್ಟ್ಸ್ ಡೇ ಫೋಟೊ, ಲೈಬ್ರರಿಗೆ ಬಂದ ಹೊಸ ಪುಸ್ತಕ, ಕಳ್ದೋಗಿರೋ ಸ್ವೆಟರ್ ಲಿಸ್ಟು, ಇಂಥದ್ದೇ. ಒಂದು ವರ್ಷ ಯುದ್ಧದಲ್ಲಿ ಸೇವೆ ಮಾಡಿದವರ ನೆನಪಿಗೆ ಅಂತ ಒಂದು ಪುಟ ಮಾಡೋಣ ಅಂದ್ರು, ಮಾಡಿದ್ವಿ. ಮೂರನೇ ಕ್ಲಾಸಿನ ಹುಡುಗಿ ಅವಳ ಮುತ್ತಜ್ಜನ ಹಳೇ ಫೋಟೊ ತಂದುಕೊಟ್ಲು, ಯೂನಿಫಾರ್ಮ್ ಹಾಕಿ ಕುರ್ಚಿ ಪಕ್ಕ ನಿಂತಿರೋದು, ನಾವು ಯಾರನ್ನೂ ಒಂದು ಮಾತು ಕೇಳದೆ ಅದರ ಕೆಳಗೆ "ಯುದ್ಧದಲ್ಲಿ ಹುತಾತ್ಮರಾದವರು" ಅಂತ ಹಾಕಿ ಪ್ರಿಂಟ್ ಹೊಡ್ಸಿಬಿಟ್ವಿ. ಎರಡು ದಿನ ಬಿಟ್ಟು ಆ ಹುಡುಗಿಯ ಅಜ್ಜಿ ಪೇಪರನ್ನ ನಾಲ್ಕಾಗಿ ಮಡಿಸ್ಕೊಂಡು ಸ್ಕೂಲಿಗೇ ಬಂದ್ರು. ಬೈಲಿಲ್ಲ, ಗಲಾಟೆ ಮಾಡ್ಲಿಲ್ಲ. "ನಮ್ಮಪ್ಪ ಯುದ್ಧ ಮುಗಿಸ್ಕೊಂಡು ಮನೆಗೆ ಬಂದ್ರು ಕಣಪ್ಪಾ, ನಾನು ಹುಟ್ಟಿದ್ದೇ ಅವರು ಬಂದ್ಮೇಲೆ" ಅಂದ್ರು ಅಷ್ಟೇ.

ನಿಂತಲ್ಲೇ ನೆಲಕ್ಕೆ ಇಳ್ದೋದಂಗಾಯ್ತು. ಅಲ್ಲಿಂದ ಈಚೆಗೆ ಈ ಪುಟ ಮಾಡೋ ರೀತೀನೇ ಬದಲಾಯ್ಸ್ಕೊಂಡ್ವಿ, ಈ ಲೇಖನ ಅದೇ ರೀತಿಯ ವಿವರ. ಟೀಚರ್ ಆಗಿರಿ, ಪೇರೆಂಟ್ ಆಗಿರಿ, ಸ್ಕೂಲಿನ ಪತ್ರಿಕೆಯ ಜವಾಬ್ದಾರಿ ನಿಮ್ಮ ತಲೆ ಮೇಲೆ ಬಿದ್ದಿದ್ರೆ ಉಪಯೋಗ ಆಗ್ಬಹುದು.

ಯಾರ ಪಟ್ಟಿ ಅಂತ ಮೊದಲು ತೀರ್ಮಾನ ಮಾಡಿ

ಸತ್ತವರು ಬೇರೆ, ಸೇವೆ ಮಾಡಿದವರು ಬೇರೆ. ನಾವು ಮಾಡಿದ ತಪ್ಪಿನ ಬೇರು ಇದೇ. ಯುದ್ಧಕ್ಕೆ ಹೋದವರಲ್ಲಿ ಹೆಚ್ಚಿನವರು ವಾಪಸ್ ಬಂದಿರ್ತಾರೆ, ಬಂದು ಮದುವೆ ಆಗಿ ಮಕ್ಕಳು ಮಾಡಿ ಬೇರೇನೋ ಕೆಲಸ ಮಾಡ್ಕೊಂಡು ಬದುಕಿರ್ತಾರೆ. ಮೊದಲ ಮಹಾಯುದ್ಧಕ್ಕೆ ಅಂತ ಆಗಿನ ಭಾರತದಿಂದ ಸೇವೆಗೆ ಸೇರಿದವರು 13 ಲಕ್ಷಕ್ಕೂ ಜಾಸ್ತಿ, ತೀರ್ಕೊಂಡವರು 74,000ದಷ್ಟು. ಇನ್ನು ಉಳಿದವರ ಕಥೆ ಯಾವ ಕಲ್ಲಿನ ಮೇಲೂ ಇರಲ್ಲ, ಮನೆಯವರ ಬಾಯಲ್ಲಿ ಮಾತ್ರ ಇರುತ್ತೆ, ಅದೂ ಎಷ್ಟು ದಿನ.

ಹಾಗೇ ಬಂದೂಕು ಹಿಡ್ದವರು ಮಾತ್ರ ಅಲ್ಲ. ಅಡುಗೆಯವರು, ನೀರು ಹೊರೋರು, ಹೇಸರಗತ್ತೆ ನಡೆಸೋರು, ಸ್ಟ್ರೆಚರ್ ಎತ್ತೋರು, ನರ್ಸ್‌ಗಳು, ತಂತಿ ಕಚೇರಿಯವರು, ಇವರೆಲ್ಲ ಇಲ್ದೆ ಯಾವ ಸೈನ್ಯವೂ ಒಂದು ವಾರ ನಿಲ್ಲಲ್ಲ. ಈ ಮಾತನ್ನ ಮಕ್ಕಳಿಗೆ ಮೊದಲೇ ಹೇಳಿದ್ರೆ "ನಮ್ಮ ತಾತ ಬರೀ ಲಾರಿ ಓಡಿಸ್ತಿದ್ರು, ಅದು ಲೆಕ್ಕಕ್ಕೆ ಬರುತ್ತಾ ಮಿಸ್?" ಅಂತ ಕೇಳೋ ಮಗು ಕೂಡ ಕೈ ಎತ್ತುತ್ತೆ. ಬರುತ್ತೆ ಪುಟ್ಟಾ, ಅದೇ ಬೇಕಾಗಿರೋದು.

ತಾರೀಖು ಹಿಡ್ಕೊಂಡು ಹಿಂದಕ್ಕೆ ಲೆಕ್ಕ ಹಾಕಿ

ಒಂದೊಂದು ದೇಶಕ್ಕೆ ಒಂದೊಂದು ದಿನ. ಬ್ರಿಟನ್, ಕೆನಡಾ, ಫ್ರಾನ್ಸ್ ಕಡೆ ನವೆಂಬರ್ 11, ಯಾಕಂದ್ರೆ 1918ರಲ್ಲಿ ಆ ದಿನ ಬೆಳಗ್ಗೆ 11 ಗಂಟೆಗೆ ಮೊದಲ ಮಹಾಯುದ್ಧದ ಪಶ್ಚಿಮ ರಂಗದಲ್ಲಿ, ಅಂದ್ರೆ ಫ್ರಾನ್ಸ್, ಬೆಲ್ಜಿಯಂ ಕಡೆ, ಗುಂಡಿನ ಸದ್ದು ನಿಂತಿದ್ದು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಏಪ್ರಿಲ್ 25, 1915ರಲ್ಲಿ ಟರ್ಕಿಯ ಗಲಿಪೊಲಿ ತೀರಕ್ಕೆ ಅವರ ಸೈನಿಕರು ಇಳಿದ ದಿನ, ಅದಕ್ಕೇ ಅಲ್ಲಿ ಬೆಳಕು ಹರಿಯೋ ಮುಂಚೆ ಸೇರ್ತಾರೆ. ಭಾರತದಲ್ಲಿ ಜುಲೈ 26 ಕಾರ್ಗಿಲ್ ವಿಜಯ ದಿವಸ, ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ, ಡಿಸೆಂಬರ್ 16 ಅಂದ್ರೆ 1971ರ ಯುದ್ಧ ಮುಗಿದ ದಿನ. ಇನ್ನು ಸೆಪ್ಟೆಂಬರ್ 23 ನಮ್ಮ ಕನ್ನಡದವರಿಗೆ ಸ್ವಲ್ಪ ಹತ್ರದ್ದು, 1918ರಲ್ಲಿ ಅವತ್ತೇ ಮೈಸೂರು ಲ್ಯಾನ್ಸರ್ಸ್ ಮತ್ತೆ ಜೋಧಪುರ ಲ್ಯಾನ್ಸರ್ಸ್ ಕುದುರೆ ಮೇಲೆ ಹೋಗಿ ಈಗಿನ ಇಸ್ರೇಲ್‌ನಲ್ಲಿರೋ ಹೈಫಾ ಊರನ್ನ ಹಿಡಿದಿದ್ದು, ಎದುರುಗಡೆ ಮೆಷಿನ್ ಗನ್, ಇವರ ಕೈಲಿ ಭರ್ಜಿ ಕತ್ತಿ. ಮಕ್ಕಳು ಈ ಕಥೆ ಕೇಳಿದ್ರೆ ಮೊದಲು ಕೇಳೋದು "ಕುದುರೆಗಳಿಗೆ ಏನಾಯ್ತು" ಅಂತ.

ನಿಮ್ಮ ಸ್ಕೂಲಿಗೆ ಯಾವುದು ಹೊಂದುತ್ತೋ ಒಂದೇ ಒಂದು ಆರ್ಸ್ಕೊಳ್ಳಿ. ಎಲ್ಲಾ ದಿನವನ್ನೂ ಮಾಡ್ತೀವಿ ಅಂತ ಹೊರಟ್ರೆ ಮೂರನೇದಕ್ಕೆ ಎಲ್ರಿಗೂ ಸಾಕಾಗಿರುತ್ತೆ. ಆ ದಿನದಿಂದ ಆರು ವಾರ ಹಿಂದೆ ಕೆಲಸ ಶುರು ಆಗ್ಬೇಕು. ಆರು ವಾರ ಯಾಕೆ ಅಂದ್ರೆ ಮನೆಗೆ ಚೀಟಿ ಹೋಗೋಕೆ ಒಂದು ವಾರ, ಅದು ಬ್ಯಾಗಿನ ತಳದಲ್ಲಿ ಮುದುರಿಕೊಂಡು ಕೂತಿರೋಕೆ ಒಂದು ವಾರ, ಆಮೇಲೆ ಅಟ್ಟದ ಮೇಲಿನ ಟ್ರಂಕ್ ಕೆಳಗೆ ಇಳ್ಸೋಕೆ ಒಂದು ವಾರ, ಉಳಿದ ಮೂರು ವಾರ ನಿಮಗೆ.

ಮನೆಗೆ ಕಳಿಸೋ ಚೀಟಿ

ಚೀಟಿಯ ಭಾಷೆ ಮೇಲೆ ಎಲ್ಲಾ ನಿಂತಿರೋದು. ಮೊದಲ ವರ್ಷ "ವೀರಯೋಧರ ಕುಟುಂಬಗಳು ಮಾಹಿತಿ ನೀಡತಕ್ಕದ್ದು" ಅಂತ ಬರೆದಿದ್ವಿ, ಬಂದಿದ್ದು ಮೂರೇ ಮೂರು. ತಮ್ಮ ಮನೆಯವರನ್ನ ವೀರಯೋಧ ಅಂತ ಕರ್ಕೊಳ್ಳೋಕೆ ಜನಕ್ಕೆ ಸಂಕೋಚ ಆಗುತ್ತೆ, ಸಹಜ ತಾನೇ. ಈಗ ಹೀಗೆ ಬರೀತೀವಿ:

"ನಿಮ್ಮ ಮನೆಯಲ್ಲಿ, ನೆಂಟರಲ್ಲಿ ಅಥವಾ ಅಕ್ಕಪಕ್ಕದಲ್ಲಿ ಯಾವುದಾದರೂ ಯುದ್ಧದ ಸಮಯದಲ್ಲಿ ಸೇವೆಯಲ್ಲಿ ಇದ್ದವರು ಇದ್ದಾರಾ? ಸೈನಿಕರೇ ಆಗಬೇಕಿಲ್ಲ, ನರ್ಸ್, ಡ್ರೈವರ್, ಅಡುಗೆಯವರು ಯಾರಾದರೂ ಸರಿ. ಅವರ ಬಗ್ಗೆ ಮಗು ನಾಲ್ಕು ಸಾಲು ಬರೆಯಲಿ. ಫೋಟೊ ಇದ್ದರೆ ಮೊಬೈಲ್‌ನಲ್ಲಿ ತೆಗೆದು ಕಳಿಸಿ, ಅಸಲು ಫೋಟೊ ಮಗುವಿನ ಕೈಗೆ ಕೊಡಬೇಡಿ. ಯಾರೂ ಇಲ್ಲದಿದ್ದರೆ ಈ ಚೀಟಿಗೆ ಉತ್ತರ ಬೇಕಿಲ್ಲ. ಈಗ ಸೇವೆಯಲ್ಲಿ ಇರುವವರ ಬಗ್ಗೆ ದಯವಿಟ್ಟು ಏನೂ ಬರೆದು ಕಳಿಸಬೇಡಿ, ನಮ್ಮ ಜೊತೆ ಬಂದು ಮಾತಾಡಿ."

ಕೊನೇ ಸಾಲು ಸುಮ್ನೆ ಹಾಕಿರೋದಲ್ಲ. ಈಗಲೂ ಸೈನ್ಯದಲ್ಲಿ ಇರೋ ಅಪ್ಪನೋ ಅಮ್ಮನೋ ಯಾವ ಯೂನಿಟ್, ಎಲ್ಲಿ ಪೋಸ್ಟಿಂಗ್, ಯಾವಾಗ ರಜಕ್ಕೆ ಬರ್ತಾರೆ, ಮನೆ ಯಾವ ಬೀದೀಲಿದೆ, ಇದ್ಯಾವುದೂ ಸ್ಕೂಲ್ ಪೇಪರ್‌ನಲ್ಲಿ ಬರಬಾರದು. ಈಗಿನ ಕಾಲದಲ್ಲಿ ನ್ಯೂಸ್‌ಲೆಟರ್ ಅಂದ್ರೆ ಪಿಡಿಎಫ್, ಪಿಡಿಎಫ್ ಅಂದ್ರೆ ವಾಟ್ಸಾಪ್, ಒಂದ್ಸಲ ಹೋದ್ರೆ ಎಲ್ಲಿಗೆ ಹೋಯ್ತು ಅಂತ ಯಾರಿಗೂ ಗೊತ್ತಾಗಲ್ಲ. ಮಗು ಹೆಮ್ಮೆಯಿಂದ "ನಮ್ಮಪ್ಪ ಇಂಥ ಕಡೆ ಇದ್ದಾರೆ" ಅಂತ ಬರ್ದಿರುತ್ತೆ, ಮಗುಗೆ ಬೇಜಾರಾಗದ ಹಾಗೆ ಆ ಸಾಲು ತೆಗೀರಿ, "ದೂರದಲ್ಲಿ ಇದ್ದಾರೆ" ಅಂದ್ರೆ ಸಾಕು. ಫೋಟೊದಲ್ಲಿ ಎದೆ ಮೇಲಿನ ನೇಮ್‌ಪ್ಲೇಟ್, ಹಿಂದುಗಡೆ ಬೋರ್ಡು, ಗಾಡಿ ನಂಬರ್ ಕಾಣ್ತಾ ಇದ್ಯಾ ಅಂತಾನೂ ನೋಡ್ಕೊಳ್ಳಿ.

ಹೆಸರು ಸರಿ ಇದ್ಯಾ ಅಂತ ನೋಡೋದು

ನನ್ನ ಕೇಳಿದ್ರೆ ಇಡೀ ಕೆಲಸದಲ್ಲಿ ಅತಿ ಮುಖ್ಯವಾದ್ದು ಇದೇ, ಎಲ್ರೂ ಬೇಗ ಮುಗಿಸೋದೂ ಇದನ್ನೇ. ಬಣ್ಣದ ಬಾರ್ಡರ್‌ಗೆ ಎರಡು ಗಂಟೆ ಕೊಡ್ತಾರೆ, ಹೆಸರಿಗೆ ಎರಡು ನಿಮಿಷ ಕೊಡಲ್ಲ.

ಮನೆಯವರು ಹೇಳಿದ್ದನ್ನ ಒಂದು ದಾಖಲೆ ಜೊತೆ ಹೊಂದಿಸಿ ನೋಡ್ಬೇಕು. ಡಿಸ್ಚಾರ್ಜ್ ಬುಕ್, ಪೆನ್ಷನ್ ಪೇಪರ್, ಮೆಡಲ್ ಇದ್ರೆ ಅದರ ಅಂಚು (ಎಷ್ಟೋ ಮೆಡಲ್‌ಗಳ ಅಂಚಲ್ಲಿ ನಂಬರ್, ಹೆಸರು, ಪಲ್ಟನ್ ಕೆತ್ತಿರ್ತಾರೆ, ಭೂತಗನ್ನಡಿ ಹಿಡ್ದು ಓದೋ ಕೆಲಸ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಕೊಡಿ, ಆಮೇಲೆ ಅವರನ್ನ ಅಲ್ಲಿಂದ ಎಬ್ಬಿಸೋದೇ ಕಷ್ಟ). ಎರಡು ಮಹಾಯುದ್ಧಗಳಲ್ಲಿ ತೀರ್ಕೊಂಡವರಾದ್ರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅವರ ವೆಬ್‌ಸೈಟಲ್ಲಿ ಹುಡುಕ್ಬಹುದು, ದುಡ್ಡು ಕೊಡಬೇಕಿಲ್ಲ. 1917ರಲ್ಲಿ ಶುರುವಾದ ಸಂಸ್ಥೆ ಅದು, ಸುಮಾರು 17 ಲಕ್ಷ ಜನರ ನೆನಪಿನ ಜವಾಬ್ದಾರಿ ಅವರದ್ದು. ಎಷ್ಟೋ ಹೆಸರಿನ ಮುಂದೆ ಅಪ್ಪನ ಹೆಸರು, ಊರು ಕೂಡ ಇರುತ್ತೆ. ಸ್ವಾತಂತ್ರ್ಯ ಬಂದ್ಮೇಲೆ ಭಾರತದ ಸೇನೆಯಲ್ಲಿ ಪ್ರಾಣ ಕೊಟ್ಟವರ ಹೆಸರು ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿದೆ, 2019ರ ಫೆಬ್ರವರಿ 25ಕ್ಕೆ ಅದು ಉದ್ಘಾಟನೆ ಆದಾಗ ಗೋಡೆಗಳ ಮೇಲೆ 25,942 ಹೆಸರು ಇದ್ವು.

ಇಲ್ಲೊಂದು ಎಚ್ಚರಿಕೆ. ಆ ಕಮಿಷನ್ ಪಟ್ಟಿಯಲ್ಲಿ ಇರೋದು 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ, ಮತ್ತೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ತೀರ್ಕೊಂಡವರು ಮಾತ್ರ. ಮನೆಗೆ ವಾಪಸ್ ಬಂದು ಮುದುಕರಾಗಿ ಹೋದವರ ಹೆಸರು ಅಲ್ಲಿ ಸಿಗಲ್ಲ. ಸಿಗ್ಲಿಲ್ಲ ಅಂದ್ರೆ ಮಗು ಸುಳ್ಳು ಹೇಳ್ತಿದೆ ಅಂತಲ್ಲ, ಇದನ್ನ ಮಗುಗೆ ಮೊದಲೇ ಹೇಳಿ. ಸಿಕ್ಕಿದ್ರೂ ಅಷ್ಟಕ್ಕೇ ನಂಬಬೇಡಿ, ಒಂದೇ ಹೆಸರಿನ ಹತ್ತು ಜನ ಇರ್ತಾರೆ, ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರ್ಕೊಂಡಿರ್ತಾರೆ, ಒಂದೇ ಹೆಸರನ್ನ ಮೂರು ನಾಲ್ಕು ಸ್ಪೆಲ್ಲಿಂಗಲ್ಲಿ ಹುಡುಕ್ಬೇಕಾಗುತ್ತೆ. ಹೆಸರಿಗಿಂತ ಸರ್ವಿಸ್ ನಂಬರ್, ರೆಜಿಮೆಂಟ್, ತೀರ್ಕೊಂಡ ತಾರೀಖು, ಇಷ್ಟರಲ್ಲಿ ಎರಡಾದ್ರೂ ತಾಳೆ ಆದ್ರೆ ಹಾಕಿ, ಇಲ್ದಿದ್ರೆ "ಮನೆಯವರು ಹೇಳಿದಂತೆ" ಅಂತ ಬರೀರಿ, ಅದರಲ್ಲಿ ಅವಮಾನ ಏನೂ ಇಲ್ಲ.

ಪಟ್ಟಿಗಳೂ ತಪ್ಪಿವೆ ಅನ್ನೋದನ್ನೂ ದೊಡ್ಡ ಮಕ್ಕಳಿಗೆ ಹೇಳ್ಬಹುದು. ಅಧಿಕಾರಿ ಇರ್ಲಿ ಸಿಪಾಯಿ ಇರ್ಲಿ ಎಲ್ರಿಗೂ ಒಂದೇ ಥರ ಗೌರವ ಅನ್ನೋದು ಆ ಸಂಸ್ಥೆಯ ಮೂಲ ನಿಯಮ, ಆದ್ರೆ 2021ರಲ್ಲಿ ಅವರದ್ದೇ ವರದಿ ಏನು ಒಪ್ಕೊಳ್ತು ಅಂದ್ರೆ ಮೊದಲ ಮಹಾಯುದ್ಧದಲ್ಲಿ ಸತ್ತ ಕಡಿಮೆ ಅಂದ್ರೂ 1,16,000 ಜನರನ್ನ, ಹೆಚ್ಚಾಗಿ ಆಫ್ರಿಕಾ ಮತ್ತೆ ಮಧ್ಯಪ್ರಾಚ್ಯದ ಕಡೆಯವರನ್ನ, ಹೆಸರು ಹಾಕಿ ನೆನೆದೇ ಇಲ್ಲ. ಬೇರೆ ಸಾವಿರಾರು ಜನರಿಗೆ, ಅದರಲ್ಲಿ ಭಾರತೀಯರೂ ತುಂಬ ಜನ, ಬಿಳಿಯರಿಗೆ ಕೊಟ್ಟ ಥರದ ಕಲ್ಲು ಕೊಡ್ಲಿಲ್ಲ. ಐದನೇ ಕ್ಲಾಸಿನ ಹುಡುಗ ಒಬ್ಬ ಇದನ್ನ ಕೇಳಿ "ಅವರಿಗೆ ಅಟೆಂಡೆನ್ಸ್ ಹಾಕ್ಲೇ ಇಲ್ಲ" ಅಂದ. ಇದಕ್ಕಿಂತ ಚೆನ್ನಾಗಿ ನನಗಂತೂ ಹೇಳೋಕೆ ಬರಲ್ಲ.

ಒಬ್ಬರನ್ನ ಕ್ಲಾಸಿಗೆ ಕರೆಯೋದು

ನಿವೃತ್ತರಾದವರು ಯಾರಾದ್ರೂ ಸಿಕ್ಕಿದ್ರೆ ಸ್ಟೇಜ್ ಹಾಕಬೇಡಿ, ಮೈಕ್ ಬೇಡ, ಶಾಲು ಹಾರ ಅಂತ ಒದ್ದಾಡಬೇಡಿ. ಒಂದು ಕ್ಲಾಸ್‌ರೂಮು, ಮಕ್ಕಳು ನೆಲದ ಮೇಲೆ, ಬಂದವರಿಗೆ ಒಂದು ಕುರ್ಚಿ. ಇಡೀ ಸ್ಕೂಲನ್ನ ಕೂರಿಸಿದ್ರೆ ಹಿಂದಿನ ಸಾಲಿನವರು ಪೆನ್ಸಿಲ್ ಡಬ್ಬಿಯಲ್ಲಿ ಯುದ್ಧ ಶುರು ಮಾಡಿರ್ತಾರೆ.

ಎರಡು ದಿನ ಮುಂಚೆ ಅವರ ಜೊತೆ ಫೋನಲ್ಲಿ ಮಾತಾಡಿ. ಯಾವುದರ ಬಗ್ಗೆ ಮಾತಾಡೋಕೆ ಇಷ್ಟ ಇಲ್ಲ ಅಂತ ನೇರವಾಗಿ ಕೇಳಿ. ಬಹಳ ಜನಕ್ಕೆ ಯಾರೂ ಈ ಪ್ರಶ್ನೆ ಕೇಳಿರಲ್ಲ. "ಎಷ್ಟು ಜನರನ್ನ ಕೊಂದ್ರಿ" ಅಂತ ಮಕ್ಕಳು ಕೇಳೇ ಕೇಳ್ತಾರೆ, ಗ್ಯಾರಂಟಿ, ಅದಕ್ಕೆ ಮಕ್ಕಳ ಹತ್ರ ಮುಂಚೆನೇ ಕೂತು ಪ್ರಶ್ನೆ ಬರ್ಸಿ, ಒಟ್ಟಿಗೆ ಓದಿ, ಈ ಪ್ರಶ್ನೆ ಯಾಕೆ ಕೇಳಬಾರದು ಅಂತ ಅವರ ಬಾಯಿಂದಾನೇ ಹೇಳ್ಸಿ. ನಿಮ್ಮ ಹತ್ರ ಯಾರಾದ್ರೂ ಬಂದು ನಿನ್ನ ಜೀವನದಲ್ಲಿ ಅತಿ ಕೆಟ್ಟ ದಿನ ಯಾವುದು ಹೇಳು ಅಂದ್ರೆ ಹೇಳ್ತೀರಾ ಅಂದ್ರೆ ಅವರಿಗೆ ಅರ್ಥ ಆಗುತ್ತೆ.

ಒಳ್ಳೇ ಪ್ರಶ್ನೆ ಎಲ್ಲಿಂದ ಬರುತ್ತೆ ಅಂತ ಮಾತ್ರ ಹೇಳೋಕಾಗಲ್ಲ. ಒಂದ್ಸಲ ಎತ್ತರದ ಬೆಟ್ಟದ ಮೇಲಿನ ಪೋಸ್ಟಲ್ಲಿ ಇದ್ದ ಹಿರಿಯರೊಬ್ರು ಬಂದಿದ್ರು, ತಯಾರು ಮಾಡಿದ ಪ್ರಶ್ನೆಗೆಲ್ಲ ಒಂದೊಂದು ಸಾಲು ಉತ್ತರ, ಹೂಂ, ಇಲ್ಲ, ಹೌದು, ಅಷ್ಟೇ. ನಮಗೆ ಒಳಗೊಳಗೇ ಚಡಪಡಿಕೆ, ಇನ್ನೂ ಇಪ್ಪತ್ತು ನಿಮಿಷ ಇದೆ. ಆಗ ಎರಡನೇ ಕ್ಲಾಸಿನ ಒಂದು ಪುಟಾಣಿ ಎದ್ದು ನಿಂತು "ಅಜ್ಜಾ, ಅಲ್ಲಿ ಹಲ್ಲು ಹೆಂಗೆ ಉಜ್ತಿದ್ರಿ?" ಅಂತು. ಅವರು ನಕ್ಕುಬಿಟ್ರು. ಆಮೇಲೆ ನೋಡಿ, ಪೇಸ್ಟು ಟ್ಯೂಬ್ ಒಳಗೇ ಕಲ್ಲಾಗಿರೋದು, ರಾತ್ರಿ ಮಲಗುವಾಗ ಟ್ಯೂಬನ್ನ ಮೈಗೆ ಒತ್ತಿಕೊಂಡು ಮಲಗೋದು, ಕುಡಿಯೋ ನೀರಿಗೆ ಸ್ಟವ್ ಮೇಲೆ ಹಿಮ ಕರಗಿಸೋದು, ದೊಡ್ಡ ಪಾತ್ರೆ ತುಂಬ ಹಿಮ ಹಾಕಿದ್ರೆ ತಳದಲ್ಲಿ ಒಂದಿಷ್ಟು ನೀರು ಆಗೋದು, ಅದರಲ್ಲಿ ಹಲ್ಲುಜ್ಜೋಕೆ ಮೊದಲು ಯಾರು ಅಂತ ಜಗಳ ಆಗೋದು. ಜಗಳ ಆಡ್ತಿದ್ದ ಗೆಳೆಯನ ಹೆಸರು ಹೇಳಿದ್ರು. ಅವನು ವಾಪಸ್ ಬರ್ಲಿಲ್ಲ ಅಂತ ಹೇಳಿ ಸುಮ್ನಾದ್ರು. ಯಾರೂ ಏನೂ ಕೇಳ್ಲಿಲ್ಲ. ಆ ಪುಟಾಣಿ ಇನ್ನೂ ನಿಂತೇ ಇತ್ತು.

ಅದಕ್ಕೇ ಪ್ರಶ್ನೆಗಳನ್ನ ದಿನನಿತ್ಯದ ಕಡೆ ತಿರುಗ್ಸಿ. ಏನು ತಿಂತಿದ್ರಿ, ಕಾಗದ ಬರೋಕೆ ಎಷ್ಟು ದಿನ ಆಗ್ತಿತ್ತು, ಜೇಬಲ್ಲಿ ಏನಿತ್ತು, ಮಳೆ ಬಂದ್ರೆ ಎಲ್ಲಿ ಮಲಗ್ತಿದ್ರಿ, ಮನೆಗೆ ಬಂದ ದಿನ ಬಾಗಿಲು ಯಾರು ತೆಗೆದ್ರು. ಕೊನೇ ಪ್ರಶ್ನೆಯನ್ನ ಯಾರಿಗೆ ಕೇಳಿದ್ರೂ ಉತ್ತರ ಇರುತ್ತೆ.

ಕರೆಯೋಕೆ ಯಾರೂ ಸಿಗ್ಲಿಲ್ಲ ಅಂದ್ರೆ ಹಳೇ ಕಾಗದಗಳನ್ನ ಓದಿ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನಲ್ಲಿದ್ದ ಭಾರತೀಯ ಸಿಪಾಯಿಗಳು ಮನೆಗೆ ಬರೆದ ಎಷ್ಟೋ ಕಾಗದದ ಭಾಗಗಳು ಇವತ್ತಿಗೂ ಓದೋಕೆ ಸಿಗ್ತವೆ, ಸಿಗೋ ಕಾರಣಾನೇ ವಿಚಿತ್ರ, ಸೆನ್ಸಾರ್ ಕಚೇರಿಯವರು ಅವನ್ನ ತೆರೆದು ಓದಿ ಇಂಗ್ಲಿಷಿಗೆ ತರ್ಜುಮೆ ಮಾಡಿ ಇಟ್ಕೊಂಡಿದ್ರಿಂದ ಉಳ್ಕೊಂಡ್ವು. "ನಿಮ್ಮ ಕಾಗದನ ಬೇರೆಯವರು ಓದ್ತಾರೆ ಅಂತ ಗೊತ್ತಿದ್ರೆ ಅಮ್ಮನಿಗೆ ಏನು ಬರೀತೀರಾ, ಏನು ಬರೆಯಲ್ಲ?" ಅಂತ ಮಕ್ಕಳಿಗೆ ಕೇಳಿ ಒಂದು ಪೀರಿಯಡ್ ಬಿಟ್ಬಿಡಿ. ಗಾಯಗೊಂಡ ಭಾರತೀಯ ಸಿಪಾಯಿಗಳಿಗೆ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಅರಮನೆಯನ್ನೇ ಆಸ್ಪತ್ರೆ ಮಾಡಿದ್ರು ಅನ್ನೋದೂ ಮಕ್ಕಳಿಗೆ ಹಿಡಿಸುತ್ತೆ, ಒಂದೊಂದು ಪಂಗಡಕ್ಕೆ ಬೇರೆ ಬೇರೆ ಅಡುಗೆಮನೆ ಅಂತ ಒಂಬತ್ತು ಅಡುಗೆಮನೆ ಇದ್ವು ಅಲ್ಲಿ.

ಮೌನ, ಆದ್ರೆ ಪ್ರಾಕ್ಟೀಸ್ ಮಾಡಿ

ಎರಡು ನಿಮಿಷ ಅಂದ್ರೆ ದೊಡ್ಡವರಿಗೇ ಉದ್ದ, ಆರು ವರ್ಷದ ಮಗುಗೆ ಅದೊಂದು ಯುಗ. ಇದು ನನ್ನ ಮಾತಲ್ಲ, 1918ರ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ದಿನಾ ಮಧ್ಯಾಹ್ನ ತೋಪು ಹಾರಿಸಿದ ತಕ್ಷಣ ಇಡೀ ಪಟ್ಟಣ ಸುಮ್ನೆ ನಿಲ್ಲೋ ಪದ್ಧತಿ ಶುರು ಆಯ್ತು, ಮೊದಲ ದಿನ ಮೂರು ನಿಮಿಷ ನಿಂತ್ರು, ಜಾಸ್ತಿ ಆಯ್ತು ಅಂತ ಮಾರನೇ ದಿನದಿಂದ ಎರಡಕ್ಕೆ ಇಳಿಸಿದ್ರು. ಅಲ್ಲಿನ ಪರ್ಸಿ ಫಿಟ್ಜ್‌ಪ್ಯಾಟ್ರಿಕ್ ಅನ್ನೋರ ಮೂಲಕ ಆ ವಿಚಾರ ಲಂಡನ್‌ಗೆ ಹೋಗಿ, ಬ್ರಿಟನ್ ರಾಜ ಐದನೇ ಜಾರ್ಜ್ ಕರೆ ಕೊಟ್ಟು, 1919ರ ನವೆಂಬರ್ 11ಕ್ಕೆ ಮೊದಲ ಸಲ ಬ್ರಿಟಿಷ್ ಸಾಮ್ರಾಜ್ಯದ ಎಲ್ಲಾ ಕಡೆ ಎರಡು ನಿಮಿಷ ನಿಂತಿದ್ದು. ಭಾರತದಲ್ಲಿ ಹುತಾತ್ಮರ ದಿನ, ಜನವರಿ 30ಕ್ಕೆ 11 ಗಂಟೆಗೆ ನಿಲ್ಲೋದೂ ಎರಡೇ ನಿಮಿಷ.

ಹಾಗಾಗಿ ಒಂದು ವಾರ ಮುಂಚೆ 20 ಸೆಕೆಂಡಿಂದ ಶುರು ಮಾಡಿ, 40, 60, ಹಾಗೇ ಏರಿಸ್ತಾ ಹೋಗಿ. ಒಂದನೇ ಎರಡನೇ ಕ್ಲಾಸಿಗೆ ಒಂದು ನಿಮಿಷ ಸಾಕು, ಯಾರೂ ಕೇಳಲ್ಲ. ಆ ಹೊತ್ತಲ್ಲಿ ಏನು ಮಾಡ್ಬೇಕು ಅಂತ ಹೇಳಿ, "ಸುಮ್ನಿರಿ" ಅಂದ್ರೆ ಸಾಲಲ್ಲ. ನಾವು ಪ್ರತಿ ಮಗುಗೂ ಒಂದು ಹೆಸರು ಇರೋ ಚೀಟಿ ಕೊಡ್ತೀವಿ, ಆ ಹೆಸರನ್ನ ಮನಸ್ಸಲ್ಲೇ ನಿಧಾನಕ್ಕೆ ಹೇಳ್ಕೊಳ್ಳೋದು. ಯಾರಿಗಾದ್ರೂ ನಗು ಬಂದ್ರೆ ಬೈಬೇಡಿ, ಮೌನಕ್ಕೆ ನಗು ಬರೋದು ಅಗೌರವ ಅಲ್ಲ, ಒಬ್ಬ ನಕ್ಕ ಅಂತ ಟೀಚರ್ ಕಿರುಚಿದ್ರೆ ಆ ಎರಡು ನಿಮಿಷದಲ್ಲಿ ಮಕ್ಕಳಿಗೆ ನೆನಪಿರೋದು ಆ ಕಿರುಚಾಟ ಮಾತ್ರ. ಗಂಟೆ ಹೊಡೆಯೋರಿಗೆ ಮೊದಲೇ ಹೇಳಿರಿ. ಒಂದು ವರ್ಷ ನಮ್ಮಲ್ಲಿ ಸರಿಯಾಗಿ ಮಧ್ಯದಲ್ಲಿ ಇಂಟರ್‌ವಲ್ ಬೆಲ್ ಹೊಡೀತು, ಇನ್ನೂರು ಮಕ್ಕಳು ಓಡೋಕೆ ರೆಡಿಯಾಗಿ ಒಂಟಿ ಕಾಲಲ್ಲಿ ನಿಂತಿದ್ದು ನೋಡ್ಬೇಕಿತ್ತು.

ಹೂವಿನ ವಿಷಯ ಚಿಕ್ಕದಾಗಿ ಮುಗಿಸ್ತೀನಿ. ಬ್ರಿಟನ್ ಕಡೆ ಯುದ್ಧದ ನೆನಪಿಗೆ ಎದೆಗೆ ಸಿಕ್ಕಿಸ್ಕೊಳ್ಳೋ ಕೆಂಪು ಪಾಪಿ (ಗಸಗಸೆ ಜಾತಿಯ) ಹೂವು ಪೇಪರಲ್ಲಿ ಮಾಡ್ಸೋದು ಸುಲಭ, ಆದ್ರೆ ಯಾಕೆ ಆ ಹೂವು ಅಂತ ಹೇಳಿ ಮಾಡ್ಸಿ. ಪಾಪಿ ಬೀಜ ಮಣ್ಣಡಿ ವರ್ಷಗಟ್ಟಲೆ ಮಲಗಿರುತ್ತೆ, ಮಣ್ಣು ಮಗುಚಿ ಬೆಳಕು ತಾಗಿದ್ರೆ ಮೊಳಕೆ ಒಡೆಯುತ್ತೆ, ಶೆಲ್ ಬಿದ್ದು ಬಿದ್ದು ಫ್ರಾನ್ಸ್, ಬೆಲ್ಜಿಯಂ ಹೊಲಗಳ ಮಣ್ಣೆಲ್ಲ ಕೆದಕಿದ ಹಾಗಾಗಿತ್ತು, ಅದಕ್ಕೇ ಅಷ್ಟು ಹೂವು. ಫ್ರಾನ್ಸಿನವರದ್ದು ನೀಲಿ ಹೂವು, ಆಸ್ಟ್ರೇಲಿಯಾದವರು ರೋಸ್‌ಮೇರಿ ಕಡ್ಡಿ ಸಿಕ್ಕಿಸ್ಕೊಳ್ತಾರೆ, ಗಲಿಪೊಲಿಯಲ್ಲಿ ಅದು ಕಾಡುಗಿಡದ ಥರ ಬೆಳೆಯುತ್ತೆ. ತೀರಾ ಚಿಕ್ಕವರಿಗೆ ಪ್ರಾಣಿಗಳ ಕಥೆ ಹೇಳಿ. 1918ರ ಅಕ್ಟೋಬರ್‌ನಲ್ಲಿ ಗುಂಡೇಟು ತಿಂದೂ ಚೀಟಿ ತಲುಪಿಸಿದ ಶೆರ್ ಅಮಿ ಅನ್ನೋ ಪಾರಿವಾಳ, 1940ರಲ್ಲಿ ಫ್ರಾನ್ಸಿನ ಡಂಕರ್ಕ್ ತನಕ ಹೋಗಿದ್ದ ಭಾರತದ ಹೇಸರಗತ್ತೆ ಪಡೆ.

ಪುಟ ಬರೆಯೋದು

ಮಗು ಬರೆದದ್ದನ್ನ ತಿದ್ದೋ ಆಸೆ ತಡ್ಕೊಳ್ಳಿ. ಒಂದೇ ವಿಷಯಕ್ಕೆ ನಮ್ಮ ಹತ್ರ ಎರಡು ಬರಹ ಬಂದಿತ್ತು, ಒಂದು ದೊಡ್ಡವರು ಯಾರೋ ನೆಟ್‌ನಿಂದ ಇಳಿಸಿಕೊಟ್ಟಿದ್ದು ಅಂತ ನೋಡಿದ್ರೇ ಗೊತ್ತಾಗೋದು, ತ್ಯಾಗ, ಬಲಿದಾನ, ಅಜರಾಮರ, ಚಿರಋಣಿ, ಎಲ್ಲಾ ಇತ್ತು, ಮನುಷ್ಯ ಮಾತ್ರ ಇರ್ಲಿಲ್ಲ. ಇನ್ನೊಂದು ಹೀಗಿತ್ತು: "ನಮ್ಮ ಮುತ್ತಜ್ಜ ಮಿಲಿಟ್ರಿಯಿಂದ ಬಂದ ಮೇಲೆ ಮಂಚದ ಮೇಲೆ ಮಲಗ್ತಾ ಇರಲಿಲ್ಲ. ನೆಲದ ಮೇಲೆ ಮಲಗೋರು. ಶೂ ತಲೆ ಹತ್ರ ಇಟ್ಕೊಳ್ಳೋರು. ಅಜ್ಜಿ ಹೇಳಿದ್ದು." ನಾಲ್ಕು ಸಾಲು. ಕಾಗುಣಿತ ತಪ್ಪು ಮಾತ್ರ ಸರಿ ಮಾಡಿದ್ವಿ.

ಅಂಕಿಸಂಖ್ಯೆ ಪುಟದಲ್ಲಿ ಒಂದೋ ಎರಡೋ ಇರ್ಲಿ, ಹದಿಮೂರು ಲಕ್ಷ ಅಂದ್ರೆ ಮಗುಗೆ ಬರೀ ಸೊನ್ನೆಗಳು. ಅದರ ಬದಲು ಬೆಲ್ಜಿಯಂನ ಈಪ್ರ್ ಊರಿನ ಮೆನಿನ್ ಗೇಟ್ ಬಗ್ಗೆ ಬರೀರಿ, ಸಮಾಧಿ ಸಿಗದ 54,000ಕ್ಕೂ ಹೆಚ್ಚು ಜನರ ಹೆಸರು ಆ ಕಮಾನಿನ ಮೇಲಿದೆ, ಅದರಲ್ಲಿ ಭಾರತೀಯರೂ ಇದ್ದಾರೆ, ಅದರ ಕೆಳಗೆ ದಿನಾ ರಾತ್ರಿ 8 ಗಂಟೆಗೆ ರಸ್ತೆ ನಿಲ್ಲಿಸಿ ಬ್ಯೂಗಲ್ ಊದ್ತಾರೆ, ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಊರು ಹಿಡ್ದಿದ್ದ ವರ್ಷಗಳು ಬಿಟ್ರೆ 1928ರಿಂದ ನಡೀತಾ ಇದೆ, ಊದೋರು ಅದೇ ಊರಿನ ಫೈರ್ ಸರ್ವಿಸ್‌ನವರು. "ದಿನಾನೂ? ಮಳೆ ಬಂದ್ರೂನಾ?" ಅಂತ ಕೇಳ್ತಾರೆ ಮಕ್ಕಳು. ಹೂಂ, ಮಳೆ ಬಂದ್ರೂ.

ಶತ್ರು ದೇಶದವರನ್ನ ಬೈಯೋ ಸಾಲು, ಕತ್ತಿ ಬಂದೂಕಿನ ಕ್ಲಿಪ್ ಆರ್ಟ್, ಬೆಂಕಿ ಹೊಗೆ ಬ್ಯಾಕ್‌ಗ್ರೌಂಡ್ ಬೇಡ. ಆ ಕಡೆ ಸತ್ತವರಿಗೂ ಮನೆಯಲ್ಲಿ ಒಂದು ಮಗು ಇತ್ತು. ಲೇಔಟ್ ಮಾಡುವಾಗ ಒಂದು ಮಾತು: ಈ ಪುಟದಲ್ಲಿ ಬೇರೇನೂ ಸೇರಿಸಬೇಡಿ. ಮುತ್ತಜ್ಜನ ಫೋಟೊ ಪಕ್ಕದಲ್ಲೇ "ಶುಲ್ಕ ಕಟ್ಟಲು ಕೊನೆಯ ದಿನಾಂಕ" ಅಂತ ಬಾಕ್ಸ್ ಬಂದ್ರೆ ಓದೋರ ಕಣ್ಣು ಎಲ್ಲಿಗೆ ಹೋಗುತ್ತೆ ನೀವೇ ಹೇಳಿ. ಸ್ಪೋರ್ಟ್ಸ್ ಡೇ, ಸ್ವೆಟರ್ ಲಿಸ್ಟು ಎಲ್ಲಾ ಮುಂದಿನ ಪುಟಕ್ಕೆ. ತೆಗೀಬೇಡಿ ಮತ್ತೆ, ಅದನ್ನ ಹುಡುಕೋಕೆ ಅಂತಾನೇ ಪೇಪರ್ ತೆಗೆಯೋ ಪೇರೆಂಟ್ಸ್ ಇದಾರೆ, ಅವರ ಕೈಗೆ ಈ ಪುಟ ಸಿಗೋದೂ ಹಾಗೇ.

ಕೆಲವು ಮಕ್ಕಳಿಗೆ ಇದು ಕಷ್ಟ

ಯುದ್ಧ ನಡೀತಿರೋ ಕಡೆಯಿಂದಾನೇ ಬಂದ ಮಗು ಕ್ಲಾಸಲ್ಲಿ ಇರಬಹುದು. ಅಪ್ಪ ಈಗ ಗಡಿಯಲ್ಲಿರೋ ಮಗು ಇರಬಹುದು, ಮನೆಯಲ್ಲಿ ಈಚೆಗೆ ಯಾರೋ ತೀರ್ಕೊಂಡಿರಬಹುದು. ಕ್ಲಾಸ್ ಟೀಚರ್‌ಗಳ ಜೊತೆ ಮೊದಲೇ ಒಂದು ಸುತ್ತು ಮಾತಾಡಿ, ಆ ಮನೆಯವರಿಗೆ ಕಾರ್ಯಕ್ರಮ ಹೇಗಿರುತ್ತೆ ಅಂತ ತಿಳಿಸಿ, ಬೇಡ ಅಂದ್ರೆ ಆ ಹೊತ್ತಿಗೆ ಲೈಬ್ರರಿಯಲ್ಲಿ ಒಂದು ಕೆಲಸ ಕೊಡಿ, ಶಿಕ್ಷೆ ಥರ ಕಾಣಬಾರದು. ಪಟಾಕಿ, ಗುಂಡಿನ ಸೌಂಡ್ ಎಫೆಕ್ಟ್, ಸೈರನ್ ಯಾವುದೂ ಬೇಡ್ವೇ ಬೇಡ. ಮತ್ತೆ ಚಿಕ್ಕ ಮಕ್ಕಳಿಗೆ ಸೈನಿಕನ ವೇಷ ಹಾಕಿಸಿ ಸ್ಟೇಜ್ ಮೇಲೆ ಸಾಯಿಸೋ ನಾಟಕ ಇದ್ಯಲ್ಲ, ದಯವಿಟ್ಟು, ಚಪ್ಪಾಳೆ ಬೀಳುತ್ತೆ ನಿಜ, ಆದ್ರೆ ಮಗ ನಿಜವಾಗ್ಲೂ ವಾಪಸ್ ಬರದೇ ಇರೋ ತಾಯಿ ಒಬ್ಬರು ಆ ಹಾಲ್‌ನಲ್ಲಿ ಕೂತಿದ್ರೆ ಅಂತ ಒಂದ್ಸಲ ಯೋಚನೆ ಮಾಡಿ.

ಪ್ರಿಂಟ್‌ಗೆ ಮುಂಚೆ, ಆಮೇಲೆ

ಪ್ರಿಂಟ್‌ಗೆ ಹೋಗೋ ಮುಂಚೆ ಪ್ರತಿ ಮನೆಗೂ ಫೋನ್ ಮಾಡಿ ಅವರ ಬಗ್ಗೆ ಇರೋ ಸಾಲುಗಳನ್ನ ಜೋರಾಗಿ ಓದಿ ಹೇಳಿ. ವಾಟ್ಸಾಪಲ್ಲಿ ಕಳಿಸಿದ್ರೆ ನೋಡದೇ ಹೆಬ್ಬೆರಳು ತೋರಿಸ್ತಾರೆ, ಕಿವಿಗೆ ಬಿದ್ರೆ ತಪ್ಪು ಗೊತ್ತಾಗುತ್ತೆ. ಫೋಟೊ ಹಾಕೋಕೆ ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ಅಚ್ಚಾದ ಮೇಲೆ ಎರಡು ಕಾಪಿ ಸ್ಕೂಲಿನ ಲೈಬ್ರರಿಗೆ, ಎರಡು ಆ ಮನೆಗೆ, ಮಕ್ಕಳ ಕೈಬರಹದ ಅಸಲು ಕಾಗದ ಒಂದು ಫೈಲಿಗೆ. ಸ್ಕ್ಯಾನ್ ಇದೆ ಅಂತ ಅಸಲು ಬಿಸಾಡಬೇಡಿ.

ಇಷ್ಟಾದ್ರೂ ತಪ್ಪು ಬಂತು ಅಂದ್ರೆ ಮುಂದಿನ ಸಂಚಿಕೆಯಲ್ಲಿ ಅದೇ ಜಾಗದಲ್ಲಿ, ಅದೇ ಅಕ್ಷರದ ಸೈಜಲ್ಲಿ ತಿದ್ದುಪಡಿ ಹಾಕಿ, ಕೊನೇ ಪುಟದ ಮೂಲೆಯಲ್ಲಿ ತುರುಕಬೇಡಿ. ನಾವು ಆ ಅಜ್ಜಿಯ ಅಪ್ಪನ ಫೋಟೊನ ಮತ್ತೆ ಹಾಕಿ, ಅವರು ಯುದ್ಧ ಮುಗಿಸಿ ಮನೆಗೆ ಬಂದ್ರು, ಆಮೇಲೆ ಈ ಮಗಳು ಹುಟ್ಟಿದ್ರು ಅಂತ ನಾಲ್ಕು ಸಾಲು ಬರೆದ್ವಿ. ಅದರಲ್ಲಿ ಅಜ್ಜಿ ಹುಟ್ಟಿದ ವರ್ಷ ತಪ್ಪಾಗಿತ್ತು. ಮತ್ತೆ ಬಂದ್ರು, ಅದೇ ಥರ ಪೇಪರ್ ಮಡಿಸ್ಕೊಂಡು, ಈ ಸಲ ಜೋರಾಗಿ ನಗ್ತಾ, "ನನ್ನ ಎರಡು ವರ್ಷ ಮುದುಕಿ ಮಾಡಿದೀರಲ್ಲಪ್ಪಾ" ಅಂತ. ಫೋನ್ ಮಾಡಿ ಓದಿ ಹೇಳೋ ಪದ್ಧತಿ ಶುರು ಆಗಿದ್ದು ಆಮೇಲಿಂದ, ಮೊದಲ ಫೋನ್ ಮಾಡಿದ್ದೂ ಅವರಿಗೇ.